ಮೂರನೇ ಮಾದರಿಯ ಗೇರ್‌ಬಾಕ್ಸ್

1942, ಜೂನ್ 3

ಮತ್ತೆ ಎಲೆಕೋಸಿನ ನೀರು ಸಾರು. ಕುಡಿದು ಶೆಡ್ಡಿಗೆ ಓಟ. ಹೊಸ ಟ್ಯಾಂಕಿನ ಮೂರನೇ ಮಾದರಿ ಗುಡ್ಡ ಹತ್ತಿ ಇಳಿದು ಬಂದಿತ್ತು. ಗೇರ್‌ಬಾಕ್ಸ್ ಬಿಚ್ಚಿಸಿ ನೋಡಿದೆ — ಒಂದು ಹಲ್ಲೂ ಮುಕ್ಕಾಗಿಲ್ಲ. ನಾನೇ ಬರೆದ ನಕ್ಷೆ, ಖುಷಿ ಆಗಬೇಕಿತ್ತು. ಆಗಲಿಲ್ಲ. ಓಡಿಸಿದ್ದು ಯೆಫ್ರೇಮ್ ಲೂಕಿಚ್. ಲೆನಿನ್‌ಗ್ರಾದ್‌ನಿಂದ ಕಾರ್ಖಾನೆ ಕಿತ್ತು ತಂದಾಗ ನಮ್ಮ ಜೊತೆಗೇ ಯುರಾಲ್‌ಗೆ ಬಂದ ಮುದುಕ, ಕಾರ್ಖಾನೆಯ ಪರೀಕ್ಷಾ ಚಾಲಕ. ಆ ಕೈಗೆ ಸಿಕ್ಕರೆ ಎಂಥಾ ಗೇರೂ ಬೆಣ್ಣೆ.

ಹಳೆಯ ಭಾರೀ ಟ್ಯಾಂಕ್ ತೆವಳುತ್ತದೆ ಅಂತ ರಣರಂಗದಿಂದ ಬೈಗುಳ. ಅದಕ್ಕೇ ಈ ಹೊಸ ಮಾದರಿ. ಕವಚ ತೆಳ್ಳಗೆ ಮಾಡಿ ತೂಕ ಇಳಿಸಿದ್ದೇವೆ, ವೇಗ ಹೆಚ್ಚಲಿ ಅಂತ. ಮೊದಲ ಎರಡು ಮಾದರಿ ಗುಜರಿಗೆ ಹೋದವು. ಇದೂ ಹೋದರೆ ನಮ್ಮ ಮುಖ್ಯಸ್ಥ ವೆನಿಯಾಮಿನ್ ಒಸಿಪೊವಿಚ್ ಕಥೆ ಮುಗಿಯಿತು.

ಜೂನ್ 5

ಯೆಫ್ರೇಮ್‌ಗೆ ಜ್ವರ. ಇನ್ನೊಬ್ಬ ಚಾಲಕ ಫದೇಯ್ ಕೂತ. ಗುಡ್ಡದ ಬುಡದಲ್ಲೇ ಮೂರನೇ ಗೇರ್ ಪುಡಿ. ಎಣ್ಣೆಯೊಳಗಿಂದ ಹಲ್ಲಿನ ಚೂರುಗಳನ್ನು ಕೈಯಾರೆ ಹೆಕ್ಕಿದೆ.

ಮುಖ್ಯಸ್ಥರಿಗೆ ಹೇಳಿದೆ — ತಪ್ಪು ಫದೇಯ್‌ದಲ್ಲ, ನನ್ನ ಗೇರ್‌ದು. ಎರಡು ತಿಂಗಳು ಕೊಡಿ, ಬದಲಾಯಿಸುತ್ತೇನೆ.

"ಎರಡು ತಿಂಗಳಾ? ಗ್ಲಾಫಿರಾ, ಈ ತಿಂಗಳೇ ಟ್ಯಾಂಕ್ ಬೇಕು ಅಂತ ಮಾಸ್ಕೋದಿಂದ ದಿನಾ ಫೋನು. ಚಾಲಕನ ತಪ್ಪು ಅಂತ ಬರೀರಿ."

"ಮುಂದೆ ಇದನ್ನ ಓಡಿಸೋರೆಲ್ಲ ಫದೇಯ್‌ಗಿಂತ ಎಳಸು ಹುಡುಗ್ರು, ಸಾರ್."

"ಕಲೀತಾರೆ ಬಿಡಮ್ಮ. ಒಪ್ಪಿಗೆ ಕೊಡೋ ಸೇನಾ ಸಮಿತಿ ಬಂದ ದಿನ ಯೆಫ್ರೇಮ್ ಕೂತ್ಕೊಂಡ್ರೆ ಆಯ್ತು."

ಎಲ್ಲ ಕಾರ್ಖಾನೆಯಲ್ಲೂ ಹೀಗೇ. ಪರೀಕ್ಷೆಯ ದಿನ ಅತ್ಯುತ್ತಮ ಚಾಲಕನನ್ನೇ ಕೂರಿಸುವುದು, ಮಾದರಿ ಪಾಸು. ಆಮೇಲೆ ಯಾರು ಓಡಿಸುತ್ತಾರೆ ಅನ್ನುವುದು ಯಾರಿಗೂ ಬೇಡ. ನನಗೆ ಬೇಕು. ಟ್ಯಾಂಕ್ ಒಯ್ಯಲು ಬಂದು ಬ್ಯಾರಕ್‌ನಲ್ಲಿ ಕಾಯುತ್ತಿರುವ ರೆಜಿಮೆಂಟಿನಲ್ಲಿ ನನ್ನ ತಮ್ಮ ಇದ್ದಾನೆ, ಹೊಸ ಚಾಲಕ. ರೋದ್ಯಾ. ಮೊದಲ ಟ್ಯಾಂಕುಗಳೆಲ್ಲ ಅವರಿಗೇ. ಗುಂಡಿನ ಎದುರು ಗೇರ್ ಕೈಕೊಟ್ಟು ನಿಂತ ಟ್ಯಾಂಕ್ ಅಂದರೆ ಮುಚ್ಚಳ ಹಾಕಿದ ಒಲೆ. ಅಮ್ಮ ಹೋದ ಮೇಲೆ ನನಗೆ ಉಳಿದಿರುವುದು ಅವನೊಬ್ಬನೇ.

ಜೂನ್ 8

ನಾಚಿಕೆ ಬಿಟ್ಟು ಯೆಫ್ರೇಮ್ ಕಾಲು ಹಿಡಿದೆ ಅಂತಲೇ ಹೇಳಬೇಕು. ಸಮಿತಿಯ ದಿನ ಕೆಟ್ಟದಾಗಿ ಓಡಿಸು ಮಾವಾ, ಹೊಸಬನ ಥರ. ಅವರ ಕಣ್ಣೆದುರೇ ಮುರಿಯಲಿ.

ಅವನು ಬೀಡಿ ಸುತ್ತಿದ. "ಮುರಿದ್ರೆ ಬೇಕಂತಲೇ ಮುರಿದ ಅಂತ ನನ್ನ ಎಳ್ಕೊಂಡು ಹೋಗ್ತಾರೆ, ಮಗಳೇ. ನಿನ್ನನ್ನೂ."

"ಹೋಗ್ಲಿ."

"ನೀ ಹೋಗ್ಲಿ ಅಂದ್ಬಿಟ್ಟೆ. ಈ ಕೈ ಕೇಳ್ಬೇಕಲ್ಲ? ಇದಕ್ಕೆ ಕೆಟ್ಟದಾಗಿ ಓಡಿಸೋಕೆ ಬರಲ್ಲ ಕಣೆ." ಎದ್ದು ಹೋದ. ಬಾಗಿಲ ಹತ್ತಿರ ತಿರುಗಿ, "ನಿನ್ನ ತಮ್ಮ ಯಾವ ಬ್ಯಾರಕ್ಕು?" ಅಂದ. ಹೇಳಿದೆ. ಯಾಕೆ ಅಂತ ಕೇಳುವಷ್ಟು ತ್ರಾಣ ಇರಲಿಲ್ಲ.

ಜೂನ್ 19

ಹತ್ತು ದಿನ ಬರೆಯಲಿಲ್ಲ. ಹೊಸ ಹಲ್ಲಿನ ನಕ್ಷೆ ಒಬ್ಬಳೇ ಕೂತು ಮುಗಿಸಿದೆ. ಮುಖ್ಯಸ್ಥರು ನೋಡಲೂ ಇಲ್ಲ. ಮೇಜಿನ ಖಾನೆಗೆ ಹಾಕಿ ಮುಚ್ಚಿದರು.

ನಾಳೆ ಸಮಿತಿ.

ಜೂನ್ 20, ಮಧ್ಯಾಹ್ನ

ಸಮಿತಿಯ ಜನರಲ್ ಗಡಸು ಮನುಷ್ಯ. ಯೆಫ್ರೇಮ್‌ನನ್ನು ನೋಡಿದ ಕೂಡಲೇ ಅಂದ, "ನೀವು ಕೆಳಗಿಳೀರಿ ಅಜ್ಜಾ. ನೀವು ಓಡಿಸಿದ್ರೆ ಒಲೆ ಕೂಡ ಓಡುತ್ತೆ. ಸೈನಿಕ ಒಬ್ಬ ಕೂತ್ಕೊಳ್ಳಿ. ಯಾರಾದ್ರೂ ಸಾಮಾನ್ಯದವನು."

ಮುಖ್ಯಸ್ಥರ ಮುಖ ಸುಣ್ಣ. ನನ್ನ ಎದೆ ಹಾರಿತು — ಸಂತೋಷಕ್ಕೆ! ದೇವರೇ ಬಂದು ಕೈಹಿಡಿದ ಹಾಗಾಯಿತು. ಈಗ ಮುರಿಯುತ್ತೆ, ಈಗ ಎಲ್ಲರೂ ನೋಡುತ್ತಾರೆ, ಖಾನೆಯಿಂದ ನಕ್ಷೆ ಹೊರಗೆ ಬರುತ್ತೆ.

ಯೆಫ್ರೇಮ್ ಟೋಪಿ ತೆಗೆದು, "ಆ ಹುಡುಗ ಆಗಬಹುದಾ ಸಾರ್?" ಅಂತ ಸಾಲಿನಲ್ಲಿ ಬೆರಳು ತೋರಿಸಿದ. ರೋದ್ಯಾ.

ನನ್ನ ತಮ್ಮ ಗುಡ್ಡ ಹತ್ತಿಸಿದ. ಎರಡು, ಮೂರು, ನಾಲ್ಕು — ಒಂದೂ ಕಿರ್ ಅನ್ನಲಿಲ್ಲ. ತುದಿಯಲ್ಲಿ ತಿರುಗಿಸಿ ಇಳಿಸಿಕೊಂಡು ಬಂದ. ಜನರಲ್ ಅವನ ಬೆನ್ನು ತಟ್ಟಿದ. "ನೋಡಿದ್ರಾ? ಮೀಸೆ ಮೂಡದ ಹುಡುಗ ಓಡಿಸ್ತಾನೆ. ಇನ್ನೇನು ಬೇಕು?" ಅಲ್ಲೇ ಒಪ್ಪಿಗೆ.

ಯೆಫ್ರೇಮ್ ನನ್ನ ಕಡೆ ನೋಡಿ ನಗುತ್ತಿದ್ದ.

ಸಂಜೆ

ಯೆಫ್ರೇಮ್ ದಿನಾ ಪಾಳಿ ಮುಗಿದ ಮೇಲೆ ರೋದ್ಯಾನನ್ನು ಹಳೇ ಟ್ಯಾಂಕಿನಲ್ಲಿ ಕೂರಿಸಿ ಕಲಿಸಿದ್ದಾನೆ. ಲಿವರಿನ ನಡುಕ ಅಂಗೈಯಲ್ಲಿ ಹಿಡಿಯುವುದು, ಅದು ಸತ್ತ ಕ್ಷಣಕ್ಕೇ ಗೇರ್ ತಳ್ಳುವುದು. ತಾನು ಈವರೆಗೆ ಯಾರಿಗೂ ಕೊಡದ ವಿದ್ಯೆ.

"ನಿನ್ನ ತಮ್ಮ ಬದುಕ್ಲಿ ಅಂತ ಕಣೆ," ಅಂದ. "ಗೇರ್ ಬದಲಾಯ್ಸೋದು ನನ್ನ ಕೈಲಿಲ್ಲ. ಹುಡುಗನ್ನ ತಿದ್ದೋದು ಇತ್ತು."

ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು. ಒಬ್ಬನನ್ನು ಉಳಿಸಲು ಹೋಗಿ ನೂರು ಟ್ಯಾಂಕಿಗೆ ಮುರಿಯುವ ಗೇರ್ ಕೂರಿಸಿಬಿಟ್ಟೆಯಲ್ಲ ಮಾವಾ ಅಂತ ಹೇಗೆ ಹೇಳಲಿ ಆ ಮುಖಕ್ಕೆ? ಇನ್ನೂ ಹೊಲಸು ಮಾತೊಂದಿದೆ, ಇಲ್ಲಿ ಮಾತ್ರ ಬರೆಯುತ್ತೇನೆ. ಒಳಗೊಳಗೇ ನನಗೆ ಸಮಾಧಾನ ಆಗಿತ್ತು. ಹಾಳಾಗಲಿ, ನನ್ನ ರೋದ್ಯಾಗಂತೂ ಕೈ ಪಳಗಿದೆ.

ಜುಲೈ 14

ರೋದ್ಯಾ ಓಡಿ ಬಂದ. ಮುಖದಲ್ಲಿ ಹಬ್ಬ. "ಅಕ್ಕಾ, ಬಡ್ತಿ! ಜನರಲ್ ನನ್ನ ಹೆಸರು ಬರ್ಕೊಂಡು ಹೋಗಿದ್ರಂತೆ. ಇನ್ಮೇಲೆ ನಾನು ಟ್ಯಾಂಕ್ ಕಮಾಂಡರ್."

"ಕಮಾಂಡರ್ ಅಂದ್ರೆ... ಕೂರೋದು ಎಲ್ಲಿ?"

"ಮೇಲೆ, ತೋಪಿನ ಗೋಪುರದಲ್ಲಿ. ಇನ್ನೆಲ್ಲಿ?"

"ಓಡಿಸೋದು?"

"ಬೇರೆಯವನು ಬರ್ತಾನೆ. ಯಾಕಕ್ಕ ಹಿಂಗೆ ನೋಡ್ತೀಯ? ಅನ್ನ ಕಂಡಿಲ್ವಾ ಇವತ್ತು?"

ಜುಲೈ 16

ಮುಖ್ಯಸ್ಥರ ಹತ್ತಿರ ಹೋದೆ. ಜಗಳ ಆಡಿದೆ, ಬೇಡಿದೆ. ಕೊನೆಗೆ ನನ್ನ ತಮ್ಮ ಅಂದೆ. ಅವರು ಬಹಳ ಮೆಲ್ಲಗೆ ಅಂದರು, "ನನ್ನ ಮಗ ಫೆಬ್ರವರೀಲಿ ಹೋದ, ಗ್ಲಾಫಿರಾ. ಹಳೇ ಮಾದರೀಲಿ. ಅದು ಹಿಮದಲ್ಲಿ ತೆವಳ್ತಿತ್ತು. ಇದು ಓಡಲಿ ಅಂತಾನೇ ಇಷ್ಟೆಲ್ಲ." ಎದ್ದು ಬಂದೆ.

ಜುಲೈ 18

ರೈಲು ಹೊರಟಿತು. ಟ್ಯಾಂಕುಗಳನ್ನೆಲ್ಲ ತೆರೆದ ಬೋಗಿಗಳ ಮೇಲೆ ಕಟ್ಟಿದ್ದರು. ರೋದ್ಯಾನ ಚಾಲಕನನ್ನು ಹುಡುಕಿ ಹಿಡಿದೆ. ತೀಖೊನ್ ಅಂತ. ಗೋಧಿಬಣ್ಣದ ರೆಪ್ಪೆ, ಹಳ್ಳಿಯ ಹುಡುಗ.

"ಏನೇನು ಓಡ್ಸಿದ್ದೀಯಪ್ಪ?"

"ಟ್ರ್ಯಾಕ್ಟರ್ ಓಡ್ಸಿದೀನಿ ಅಕ್ಕೋರೆ."

ಅವನ ಕೈ ಹಿಡಿದು ಅಲ್ಲೇ ಹೇಳಿಕೊಡಲು ಶುರು ಮಾಡಿದೆ. ಲಿವರು, ನಡುಕ... ಅವನು ತಲೆ ಆಡಿಸಿದ, ಪಾಪ, ಒಂದಕ್ಷರ ತಿಳಿಯಲಿಲ್ಲ. ರೋದ್ಯಾ ನಕ್ಕು ನಡುವೆ ಬಂದ.

"ಬಿಡಕ್ಕ, ಅವನ ಜೀವ ತಿನ್ಬೇಡ. ಅದಕ್ಕೆ ನಾನು ಉಪಾಯ ಮಾಡಿದೀನಿ. ಮೂರನೇ ಗೇರ್ ಮುಟ್ಟಲೇಬೇಡ ಅಂದಿದೀನಿ ಇವನಿಗೆ. ಯುದ್ಧ ಪೂರ್ತಿ ಎರಡನೇ ಗೇರಲ್ಲೇ ಹೋಗ್ತೀವಿ. ಮುರಿಯಲ್ಲ, ಅಲ್ವಾ?"

"ಮುರಿಯಲ್ಲ," ಅಂದೆ.

"ಮತ್ತೆ? ಅಳ್ತಾ ಇದೀಯಲ್ಲ."

ತಬ್ಬಿಕೊಂಡ. ಬೋಗಿ ಹತ್ತಿದ. ಕೈ ಬೀಸಿದೆ. ನಕ್ಕೆ ಕೂಡ.

ಎರಡನೇ ಗೇರಿನಲ್ಲಿ ಅದು ಹಳೆಯದರಷ್ಟೇ ತೆವಳುತ್ತದೆ. ಹೇಳಲಿಲ್ಲ ನಾನು. ಹಳೆಯದಕ್ಕೆ ದಪ್ಪ ಕವಚವಾದರೂ ಇತ್ತು. ಇದರದ್ದನ್ನು ನಾವೇ ಕೂತು ಕೆತ್ತಿ ಕೆತ್ತಿ ತೆಳ್ಳಗೆ ಮಾಡಿದೆವು, ಓಡಲಿ ಅಂತ. ಈಗ ಓಟವೂ ಇಲ್ಲ, ಕವಚವೂ ಇಲ್ಲ.