ಪಾಟಿಯ ಕಿವಿಗೆ ಹಿಡಿದ ಫೋನು

ತಾಳವಾಡಿ
17-1-2025

ಲೋಕಕ್ಕೆಲ್ಲ ಈಶ್ವರಿಯಾದರೂ ನನಗೆ ಬರೀ ಲೋಕುವಾದ ಸೌಭಾಗ್ಯವತಿ ಲೋಕೇಶ್ವರಿಗೆ,

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿವೃತ್ತ ಕನ್ನಡ ಮೇಷ್ಟ್ರಾದ ವೃಷಭೇಂದ್ರನೆಂಬ ನಾನು, ಈ ತಿಂಗಳ ನಾಲ್ಕರಂದು ಬೆಳಗ್ಗೆ ಎಂಟೂವರೆಗೆ, ಬೀರುವಿನ ಮೇಲಿನ ಹಲಗೆಯಿಂದ ನಿನ್ನ ಹಸಿರು ಉಣ್ಣೆ ಶಾಲನ್ನು ಕದ್ದಿದ್ದೇನೆ. ಮಾಲು ವಾಪಸು ಕೊಡುವಂತಿಲ್ಲ. ಅದು ಹಿತ್ತಲ ಹೊಂಗೆ ಮರದಡಿ ಮಣ್ಣಿನೊಳಗಿದೆ. ಪಾಟಿ ಹೊದ್ದುಕೊಂಡಿದ್ದಾಳೆ.

ಎರಡನೇ ಸಲ ಓದಬೇಡ ಲೋಕು. ಸರಿಯಾಗಿಯೇ ಓದಿದ್ದೀಯ.

ಫೋನಿನಲ್ಲಿ ಹೇಳಲಾಗಲಿಲ್ಲ. ನೀನು ಯಾವಾಗಲೂ ಸ್ಪೀಕರ್ ಹಾಕುವವಳು. ಪವಿತ್ರಳ ಬಿ.ಪಿ. ಏರಿದೆ, ಹೆರಿಗೆಯವರೆಗೆ ಅವಳ ಮುಂದೆ ಯಾರೂ ಅಳಬಾರದೆಂದು ಡಾಕ್ಟರು ಹೇಳಿದ್ದರಲ್ಲ. ಇಂದು ಬೆಳಗ್ಗೆ ಮೊಮ್ಮಗಳು ಬಂದ ಸುದ್ದಿ ಕೇಳಿದ ಮೇಲೆ ಕಾಗದ ತೆಗೆದೆ. ರಾಗಿ ಹಿಟ್ಟಿನ ಜೊತೆ ಪಕ್ಕದ ಮನೆ ಪ್ರಭುಸ್ವಾಮಿ ಇದನ್ನು ಮೈಸೂರಿಗೆ ತರುತ್ತಾನೆ. ಮಗಳೆದುರು ಓದಬೇಡ.

ಪಾಟಿ ಕಷ್ಟಪಡಲಿಲ್ಲ. ಕಣದಲ್ಲಿ ಬಿಸಿಲು ಬೀಳುವ ಜಾಗಕ್ಕೆ ಎಂದಿನಂತೆ ಹೋಗಿ ಮಲಗಿದಳು. ಬಿಸಿಲು ಗೋಡೆಯತ್ತ ಸರಿಯಿತು, ಅವಳು ಸರಿಯಲಿಲ್ಲ. ಹೋಗಿ ನೋಡಿದೆ. ಮೈ ಬೆಚ್ಚಗೇ ಇತ್ತು, ಆದರೆ ಅದು ಬಿಸಿಲಿನದು.

ನಾಲ್ಕು ವರ್ಷದ ಹಿಂದೆ ದಿಂಬಂ ಘಟ್ಟದ ಟೀ ಅಂಗಡಿ ಮುಂದೆ ನೀನು ಬಸ್ಸಿಳಿದದ್ದು ಟೀಗೆ. ಮತ್ತೆ ಹತ್ತಿದ್ದು ನಾಯಿಯೊಂದಿಗೆ. ಯಾರೋ ಕಾರಿನಿಂದಿಳಿಸಿ ಬಿಟ್ಟುಹೋಗಿದ್ದ ಮುದುಕಿ. "ಮೂರು ದಿವ್ಸದಿಂದ ಬಂದ ಕಾರ್ನೆಲ್ಲ ನೋಡ್ತಾ ಕುಂತದ ಕಣಮ್ಮ" ಅಂದನಂತೆ ಅಂಗಡಿಯವನು. ಅಜ್ಜಿಗೆ ತಮಿಳಿನಲ್ಲಿ ಪಾಟಿ ಎನ್ನುತ್ತಾರೆಂದು ಆ ಹೆಸರನ್ನೂ ಅವನೇ ಇಟ್ಟಿದ್ದ. ಪಾಠ ಹೇಳಿ ದಣಿದವನ ಮನೆಗೆ ಪಾಟಿ ಬಂದಳೆಂದು ನಾನು ನಕ್ಕಿದ್ದೆ, ನೀನು ನಕ್ಕಿರಲಿಲ್ಲ.

ಕನ್ನಡದಲ್ಲಿ ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಘಟ್ಟದ ಕೆಳಗಿನ ಸೀಮೆಯದು, ತಮಿಳು ನಾಯಿ ಎಂದು ಬೀದಿಯೇ ತೀರ್ಮಾನಿಸಿತು. ಎರಡು ತಿಂಗಳು ನೀನೂ ಹೊಲದ ಕೆಲಸದ ರಾಚನೂ "ಇಂಗೆ ವಾ, ಇಂಗೆ ವಾ" ಎಂದು ತಮಿಳಿನಲ್ಲಿ ಕರೆಯುತ್ತ ಅವಳ ಹಿಂದೆ ಅಲೆದಿರಿ. ಕೊನೆಗೆ ದನದ ಡಾಕ್ಟರು ಬಂದು ಅವಳ ತಲೆಯ ಹಿಂದೆ ತಟ್ಟೆ ಬಡಿದು, "ಇದಕ್ಕೆ ಯಾವ ಭಾಷೆಯೂ ಬರಲ್ಲ, ಪೂರ್ತಿ ಕಿವುಡು" ಅಂದರು. ಆನೆ ಬಂದು ನಮ್ಮ ಕೋಸನ್ನೆಲ್ಲ ಮೆದ್ದು ಹೋದಾಗಲೂ ಅವಳೇಕೆ ಏಳಲಿಲ್ಲವೆಂಬುದು ಆಗ ಅರ್ಥವಾಯಿತು.

ನೀನೇನೋ ಆಮೇಲೂ ಅವಳ ಜೊತೆ ಮಾತಾಡುತ್ತಲೇ ಇದ್ದೆ. ನಾನು ಒಂದು ಮಾತೂ ಆಡಿದವನಲ್ಲ. ಕೇಳಿಸಿಕೊಳ್ಳದವರ ಮುಂದೆ ಮೂವತ್ತು ವರ್ಷ ಮಾತಾಡಿದ್ದೇನೆ, ಆದರೆ ಅದಕ್ಕೆ ಸಂಬಳವಿತ್ತು. ಓದಿದವನು ಕಿವುಡು ನಾಯಿಗೆ ಮಾತಾಡುವುದೇ? ನಾಲ್ಕು ಜನ ಕಂಡರೆ ಏನೆಂದಾರು?

ರಾಚ ಗುಂಡಿ ತೋಡಿದ. ಮುಗಿದ ಮೇಲೆ ಹಾರೆ ಊರಿ ನಿಂತು, "ನಿಮ್ಮೋರ್ನ ಕೂರ್ಸಿ ಮಣ್ಣು ಮಾಡ್ತೀರಲ್ಲ ಮೇಷ್ಟ್ರೇ, ಇವುಳ್ನ ಕೂರ್ಸದಾ, ಮಲಗ್ಸದಾ?" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ನನಗೂ ತಮಾಷೆ ತೋಚಲಿಲ್ಲ. ಕೂರಲು ಹೋದಾಗಲೆಲ್ಲ ಸೊಂಟ ನೋವಿಗೆ ಅವಳು ನರಳುತ್ತಿದ್ದದ್ದು ನೆನಪಾಯಿತು. "ಮಲಗಿಸಪ್ಪ" ಅಂದೆ. ಹಣೆಗೆ ವಿಭೂತಿ ಹಚ್ಚಿದವನು ರಾಚ. ನಾನು ಬರೀ ವಿಭೂತಿ ಗಟ್ಟಿಯನ್ನು ಹಿಡಿದುಕೊಂಡಿದ್ದೆ.

ಇನ್ನು ದೊಡ್ಡ ಅಪರಾಧ. ದಿನಾ ಸಂಜೆ ಫೋನು ಮಾಡಿ, "ರೀ, ಅವಳ ಕಿವಿಗೆ ಹಿಡೀರಿ" ಎಂದು ನೀನು ಏನೇನೋ ಹೇಳುತ್ತಿದ್ದೆ. ಅವಳು ಬದುಕಿದ್ದಾಗ ಹಿಡಿದಿದ್ದೇನೆ, ಆಣೆ. ನಾಲ್ಕನೇ ತಾರೀಕಿನಿಂದ ಹನ್ನೆರಡು ಸಂಜೆ ಜಗಲಿಯ ಕಂಬಕ್ಕೆ ಫೋನು ಆನಿಸಿ ನಿಂತು, ನೀನು ಮುಗಿಸಿದ ಮೇಲೆ "ಬಾಲ ಆಡಿಸಿದಳು" ಎಂದೆ. "ನಾ ಬರೋವರ್ಗೂ ಅವಳನ್ನ ಉಳಿಸ್ಕೊಳಿ" ಎಂದು ಹೇಳಿಹೋಗಿದ್ದವಳಿಗೆ ಬೇರೇನೂ ಹೇಳಲು ನನಗೆ ಬಾಯಿ ಬರಲಿಲ್ಲ. ಬಯ್ಯುವುದಿದ್ದರೆ ಬಂದು ಎದುರಿಗೇ ಬಯ್ಯಿ. ಒಲೆ ಮುಂದೆ ಅವಳು ಮಲಗುತ್ತಿದ್ದ ಗೋಣಿ ತಾಟನ್ನು ನೀನು ಬರುವವರೆಗೆ ತೆಗೆಯುವುದಿಲ್ಲ.

ಮೊಮ್ಮಗಳ ಕಿವಿ ಚೆನ್ನಾಗಿದೆಯೇ, ನೋಡಿ ತಿಳಿಸು.

ಹೆಸರಿಗೆ ತಕ್ಕ ಎತ್ತು,
ವೃಷಭೇಂದ್ರ

ಮರೆತ ಮಾತು: ರಾಚ ನಿನಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕಂಬವೆಂದು ಬರೆದದ್ದು ಸುಳ್ಳು. ಹನ್ನೆರಡು ಸಂಜೆಯೂ ಹೊಂಗೆ ಮರದಡಿ ಕುಕ್ಕುರುಗಾಲಲ್ಲಿ ಕೂತು ಮಣ್ಣಿಗೆ ಫೋನು ಹಿಡಿದಿದ್ದೆ. ರಾಚ ಕಂಡು, "ಬದುಕಿದ್ದಾಗ್ಲೇ ಕೇಳ್ತಿರ್ನಿಲ್ಲ, ಈಗ ಕೇಳದಾ? ಬುಟ್ಬುಡಿ ಮೇಷ್ಟ್ರೇ" ಅಂದ. "ಮಾತಾಡ್ತಿರೋದು ಅಮ್ಮಾವ್ರು ಕಣಪ್ಪ, ನಾನು ಬರೀ ಹಿಡ್ಕೊಂಡಿದ್ದೀನಿ" ಎಂದು ತಪ್ಪಿಸಿಕೊಂಡೆ.

ನಿನ್ನೆ ಸಂಜೆ ನೀನು ಆಸ್ಪತ್ರೆಯಲ್ಲಿದ್ದೆ, ಫೋನು ಮಾಡಲಿಲ್ಲ. ನಿನ್ನೆಯೂ ಹೋಗಿ ಕತ್ತಲಾಗುವವರೆಗೆ ಕೂತಿದ್ದೆ. ಫೋನು ಮನೆಯಲ್ಲೇ ಇತ್ತು.