ಯೋಚನೆ ಏನೂ ಇಲ್ಲ

14 ಜೂನ್ 2002
ಇಂಜೆಕ್ಷನ್ ದಿನ. ಈ ಸಲ ಎಡ ಸೊಂಟ. ಎಣ್ಣೆಯಂಥ ಔಷಧಿ, ನಿಧಾನವಾಗಿ ಇಳಿಯುತ್ತದೆ. "ಕಾಲು ಸಡ್ಲ ಬಿಡಿ ಸಾರ್, ಕಲ್ಲು ಥರ ಮಾಡ್ಕೊಂಡ್ರೆ ಸೂಜಿ ಮುರಿಯತ್ತೆ" ಎಂದಳು ಸಿಸ್ಟರ್. ಕುಂಟುತ್ತಲೇ ಆಫೀಸಿಗೆ ಹೋದೆ.

ಆದರೆ ಗುಣ ಇದೆ. ಮಧ್ಯಾಹ್ನ ಫೈಲಿನ ಮೇಲೆ ತೂಕಡಿಸುವುದು ನಿಂತಿದೆ. ಯುಗಾದಿಯ ಹೊತ್ತಿಗೆ ಎನ್.ಆರ್. ಕಾಲೋನಿಯಿಂದ ಗಾಂಧಿಬಜಾರಿಗೆ ನಡೆದರೇ ಏದುಸಿರು. ಗಂಡಸಿನ ಹಾರ್ಮೋನ್ ನನ್ನ ಮೈಯಲ್ಲಿ ಸಾಕಷ್ಟು ತಯಾರಾಗುತ್ತಿಲ್ಲ, ಹೊರಗಿನಿಂದ ಕೊಡಬೇಕು ಎಂದಿದ್ದರು ಡಾಕ್ಟರ್ ರಾಮಸ್ವಾಮಿ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಗಂಡಸಿನ ಹಾರ್ಮೋನ್ ಎಂದ ಮೇಲೆ ಉಳಿದ ಕೊರತೆಯೂ ಇದರಿಂದಲೇ ತುಂಬುತ್ತದೆ ಎಂದುಕೊಂಡಿದ್ದೇನೆ. ಸುಪ್ರಜಾಳಿಗೆ ಹೇಳಿಲ್ಲ. ಆದಾಗ ಗೊತ್ತಾಗಲಿ.

21 ಜುಲೈ
ಸೋದರತ್ತೆ ಭಾಗೀರಥಮ್ಮ ಮಲ್ಲೇಶ್ವರದಿಂದ ಬಂದಿದ್ದರು. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು. "ಏನೇ, ಹೆಸರಲ್ಲೇ ಪ್ರಜೆ ಇಟ್ಕೊಂಡು ಮನೇಲಿ ಒಂದು ಮಗೂನೂ ಇಲ್ವಲ್ಲೇ?"

ಸುಪ್ರಜಾ ನಕ್ಕಳು. "ಹೆಸರಿಟ್ಟೋರು ನಮ್ಮಪ್ಪ, ಅತ್ತೆ. ಅವರನ್ನೇ ಕೇಳಿ."

ಅತ್ತೆ ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಅವಳ ಪರೀಕ್ಷೆಗಳೆಲ್ಲ ಸರಿಯಾಗಿವೆ. ಆದರೂ ಶನಿವಾರ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಅಶ್ವತ್ಥಕಟ್ಟೆ ಸುತ್ತುತ್ತಾಳೆ. ಸಮಾಧಾನ ಮಾಡೋಣವೆಂದು ಹೋದೆ. "ಬಿಡೆ. ನಂಗೇನೂ ಯೋಚನೆ ಇಲ್ಲ."

"ಗೊತ್ತು" ಎಂದಳು. ತಿರುಗಿ ನೋಡಲಿಲ್ಲ.

9 ಡಿಸೆಂಬರ್
ಅವಳ ಡಾಕ್ಟರಮ್ಮ ಈ ಸಲ ನನ್ನದೂ ಪರೀಕ್ಷೆ ಆಗಲಿ ಎಂದರು. ಧೈರ್ಯವಾಗಿ ಹೋದೆ. ಗಂಡಸಿನ ಹಾರ್ಮೋನನ್ನೇ ಚುಚ್ಚಿಸಿಕೊಳ್ಳುತ್ತಿರುವವನಿಗೆ ಏನು ಭಯ...

ಸೊನ್ನೆ. ವೀರ್ಯಾಣು ಕಡಿಮೆ ಅಲ್ಲ — ಸೊನ್ನೆ. ಬೇರೆ ಲ್ಯಾಬಿನಲ್ಲೂ ಅದೇ.

3 ಜನವರಿ 2003
ಡಾಕ್ಟರ್ ರಾಮಸ್ವಾಮಿ ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಇದು ಹೀಗಾಗೋದೇ ಅಲ್ವೇ ಸಂಕರ್ಷಣ? ಹೊರಗಿಂದ ಮಾಲು ಬರ್ತಾ ಇದ್ರೆ ಒಳಗೆ ಮಗ್ಗ ನಿಲ್ಲಿಸ್ತಾರೆ. ಈ ಇಂಜೆಕ್ಷನ್ ತಗೊಂಡ್ರೆ ವೀರ್ಯಾಣು ತಯಾರಿ ನಿಲ್ಲತ್ತೆ."

"ಮೊದಲೇ ಹೇಳಬಹುದಿತ್ತಲ್ಲ ಡಾಕ್ಟ್ರೇ."

"ಕೇಳಿದ್ನಲ್ಲ. ಮಕ್ಕಳ ಯೋಚನೆ ಇದೆಯಾ ಅಂದೆ. ಏನೂ ಇಲ್ಲ ಅಂದ್ರಿ. ಇದೆ ಅಂದಿದ್ರೆ ಎಚ್‌ಸಿಜಿ ಅಂತ ಬೇರೆ ಇಂಜೆಕ್ಷನ್ ಇದೆ, ಮಗ್ಗ ಓಡಿಸ್ಕೊಂಡೇ ಶಕ್ತಿ ಕೊಡತ್ತೆ, ಅದನ್ನ ಕೊಡ್ತಿದ್ದೆ. ಮೊದಲು ಪರೀಕ್ಷೆ ಮಾಡಿಸಿ, ವೀರ್ಯಾಣು ಇದ್ದಿದ್ರೆ ತೆಗೆದು ಫ್ರೀಜ್ ಮಾಡಿಸಿ ಇಡಬಹುದಿತ್ತು."

ಕೇಳಿದ್ದು ನಿಜ. ಮದುವೆಮನೆಗಳಲ್ಲಿ ಎಲ್ಲರೂ ಕೇಳುವುದು ಹಾಗೆಯೇ — ಮಕ್ಕಳದ್ದೇ ಯೋಚನೆಯೇನೋ ನಿನಗೆ? ಕೊರಗುತ್ತಿದ್ದೀಯಾ ಎಂಬರ್ಥ. ಬಾಯಿಪಾಠವಾದ ಉತ್ತರವನ್ನೇ ಕೊಟ್ಟಿದ್ದೆ: ಯೋಚನೆ ಏನೂ ಇಲ್ಲ, ಆರಾಮ. ಅವರು ಕೇಳಿದ್ದು ಮಕ್ಕಳು ಮಾಡಿಕೊಳ್ಳುವ ಉದ್ದೇಶ ಇದೆಯೇ ಎಂದು. ಇಬ್ಬರ ಕನ್ನಡವೂ ಸರಿಯಾಗಿಯೇ ಇತ್ತು.

4 ಜನವರಿ
ಹೇಳಿದೆ. ಸುಪ್ರಜಾ ಹುಳಿಗೆ ಬದನೆಕಾಯಿ ಹೆಚ್ಚುತ್ತಿದ್ದಳು. ಕೈ ನಿಂತಿತು.

"ಹಾಗಾದ್ರೆ ಮರ ಸುತ್ತಬೇಕಾಗಿದ್ದ ಆಸಾಮಿ ನಾನಲ್ಲ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೂ ನಗಲಿಲ್ಲ.

16 ಮಾರ್ಚ್
ಹಳೆಯ ಇಂಜೆಕ್ಷನ್ ನಿಂತಿದೆ. ಎಚ್‌ಸಿಜಿ ಶುರುವಾಗಿದೆ. ಬಾಟಲಿ ಫ್ರಿಜ್ಜಿನಲ್ಲಿ ಬೆಣ್ಣೆ ಬಟ್ಟಲಿನ ಪಕ್ಕ. ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕು. ನನಗೆ ಸೂಜಿ ಹಿಡಿಯಲು ಬರುವುದಿಲ್ಲ — ಸುಪ್ರಜಾ ಕಲಿತುಕೊಂಡಳು. "ಅಲ್ಲಾಡ್ಬೇಡಿ ರೀ" ಎನ್ನುತ್ತಾಳೆ. ಅಷ್ಟೇ ಮಾತು. ಸುಸ್ತು ಮತ್ತೆ ಬಂದಿದೆ. ಹೇಳುವುದಿಲ್ಲ.

ಶನಿವಾರ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದಾಳೆ.

28 ನವೆಂಬರ್
ಪುನಃ ಪರೀಕ್ಷೆ. ಸೊನ್ನೆ.

ಇಬ್ಬರೂ ರಾಮಸ್ವಾಮಿಯವರಲ್ಲಿಗೆ ಹೋಗಿದ್ದೆವು. ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದಂತೆ, ಕೆಲವರಿಗೆ ಮರಳುವುದೇ ಇಲ್ಲವಂತೆ. ಇನ್ನೊಂದು ಔಷಧಿ ಸೇರಿಸಿ ನೋಡಬಹುದು. "ಇಲ್ಲಾಂದ್ರೆ ಹಳೇದಕ್ಕೇ ವಾಪಸ್ ಹೋಗಿ. ಸುಸ್ತಾದ್ರೂ ಹೋಗತ್ತೆ" ಎಂದರು ಡಾಕ್ಟರ್. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು. "ಈ ಸಲ ಬಿಡಿಸಿ ಕೇಳ್ತೀನಿ. ನಿಮಗೆ ಮಕ್ಕಳು ಬೇಕಾ, ಬೇಡ್ವಾ?"

"ಬೇಕು" ಎಂದೆ.

ಸುಪ್ರಜಾ ನನ್ನ ಕಡೆ ತಿರುಗಿದಳು. ಡಾಕ್ಟರ್ ಔಷಧಿ ಬರೆದು ಮುಗಿಸುವವರೆಗೂ ನನ್ನನ್ನೇ ನೋಡುತ್ತಿದ್ದಳು.

ಬಸ್ ಸ್ಟಾಪಿನಲ್ಲಿ ಹೇಳಿದಳು. "ಈ ಮಾತು ಇವತ್ತೇ ಕೇಳಿದ್ದು ನಾನು. ಯೋಚನೆ ಇಲ್ಲ, ಯೋಚನೆ ಇಲ್ಲ ಅಂತಿದ್ರಲ್ಲ... ನಿಮಗೆ ಬೇಡ ಅಂತ್ಲೇ ಅಂದ್ಕೊಂಡಿದ್ದೆ. ನಾನೊಬ್ಳೇ ಬೇಡ್ಕೋತಿದೀನಿ ಅಂತ."

ಅವಳನ್ನು ಸಮಾಧಾನ ಮಾಡಲೆಂದೇ ಹಾಗೆನ್ನುತ್ತಿದ್ದೆ ಎಂದು ಹೇಳಲು ಹೊರಟೆ. ಬಸ್ ಬಂತು. ಅವಳಿಗೆ ಮುಂದೆ ಸೀಟು, ನನಗೆ ಹಿಂದೆ. ಅವಳಿಗೀಗ ಮೂವತ್ತೇಳು.

ಫ್ರಿಜ್ ಬಾಗಿಲು ತೆಗೆದ ಸದ್ದು. "ಬನ್ನಿ ರೀ, ಶರ್ಟ್ ಎತ್ತಿ" ಎಂದು ಕರೆಯುತ್ತಿದ್ದಾಳೆ. ಹೋಗಬೇಕು. ಬೇಕು ಎಂಬ ಒಂದು ಮಾತನ್ನು ಅತ್ತೆ ಬಂದುಹೋದ ಅವತ್ತು, ಅಡುಗೆಮನೆಯಲ್ಲೇ, ಮೊದಲು ಅವಳಿಗೆ ಹೇಳಿದ್ದಿದ್ದರೆ —