ಒಂದೇ ಸಲ ಕೇಳಿದರು

ಮೌಂಟ್ ರಾಸ್ಕಿಲ್, ಆಕ್ಲೆಂಡ್
೧೨ ಜೂನ್ ೨೦೧೬, ಭಾನುವಾರ

ಮುದ್ದು ಪೂರ್ವಿ,

ಹೇಗಿದ್ದೀಯೇ? ಕೆಮ್ಮು ಹೋಯ್ತಾ? ಡ್ಯುನೆಡಿನ್‌ನಲ್ಲಿ ಮೈನಸ್‌ಗೆ ಇಳಿದಿದೆ ಅಂತ ಟೀವಿಯಲ್ಲಿ ಹೇಳಿದಾಗಲೆಲ್ಲ ನಿನ್ನ ಆ ಫ್ಲ್ಯಾಟಿನ ಗೋಡೆ ಕಣ್ಣ ಮುಂದೆ ಬರುತ್ತೆ. ಕಿಟಕಿ ಪಕ್ಕ ಬೂಷ್ಟು ಹಿಡಿದಿತ್ತಲ್ಲ, ನಾನು ಬಂದಾಗ ವಿನಿಗರ್ ಹಾಕಿ ಉಜ್ಜಿದ್ದೆ, ಮತ್ತೆ ಬಂದಿರುತ್ತೆ. ನಿನ್ನ ಫ್ಲ್ಯಾಟ್‌ಮೇಟ್‌ಗಳು ಹೀಟರ್ ಹಾಕೋಕೆ ಜಿಪುಣತನ ಮಾಡಿದರೆ ನೀನೂ ಅವರ ಜೊತೆ ನಡುಗುತ್ತಾ ಕೂರಬೇಡ. ಸಾರಿನ ಪುಡಿ ಮುಗಿದಿದ್ದರೆ ಹೇಳು, ಕಳಿಸ್ತೀನಿ. ಅಪ್ಪನ ಮಂಡಿ ನೋವು ಇದ್ದಿದ್ದೇ. ನಾನು ಚೆನ್ನಾಗಿದ್ದೀನಿ ಅಂತ ಬರೆಯಬೇಕು ಅಂತ ಪೆನ್ನು ಹಿಡಿದೆ, ಆದರೆ ಚೆನ್ನಾಗಿಲ್ಲ ಕಣೇ.

ಗುರುವಾರ ನೀನು ಫೋನ್ ಮಾಡಿ, ನಿನ್ನ ಕನ್ನಡ ಕ್ಲಾಸ್ ನಿಂತುಹೋಗುತ್ತಂತೆ, ಕೊನೇ ಕ್ಲಾಸಿಗೆ ನಾನು ಬರಲಾ ಅಂತ ಕೇಳಿದೆ. ನಾನು ಬೇಡ, ಪರೀಕ್ಷೆ ನೋಡ್ಕೋ, ಫ್ಲೈಟಿಗೆ ಯಾಕೆ ದಂಡ ಅಂದೆ. ನೀನು ಓಕೆ ಅಮ್ಮಾ ಅಂದೆ. ಆಮೇಲೆ, ಯಾಕೆ ನಿಲ್ತಿದೆ, ಏನಾಯ್ತು ಅಂದಾಗ ನಾನು ಏನೋ ಆಯ್ತು ಬಿಡು ಅಂತ ಹಾರಿಸಿಬಿಟ್ಟೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು, ಅವರ ಎದುರಿಗೆ ಹೇಳೋಕೆ ಇಷ್ಟ ಇರಲಿಲ್ಲ. ಈಗ ಅವರು ಮಲಗಿದ್ದಾರೆ, ಹೊರಗೆ ಮಳೆ, ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾದ ಹಾಗಿದೆ. ನಾಲ್ಕು ಪುಟ ಕನ್ನಡ ಬರೆದರೆ ಕೂತು ಓದುವ ಮಗಳು ಇದ್ದಾಳಲ್ಲ ಅನ್ನೋದೊಂದೇ ಧೈರ್ಯ. ನಿಧಾನಕ್ಕೆ ಓದು, ಪರವಾಗಿಲ್ಲ.

ನಮ್ಮ ಕನ್ನಡ ಬಳಗದ ಅಧ್ಯಕ್ಷರಾಗಿದ್ದ ಚಿದಾನಂದ ಅಂಕಲ್ ಈ ಸಲ ಬಿಟ್ಟುಕೊಟ್ಟರು. ಅವರು ಇರೋವರೆಗೂ ಶನಿವಾರದ ಹಾಲ್ ನಮ್ಮ ಕ್ಲಾಸಿಗೆ ಅಂತ ಇತ್ತು, ಯಾರೂ ಅದರ ತಂಟೆಗೆ ಬರುತ್ತಿರಲಿಲ್ಲ. ಅವರು ಹೊರಟರು ಅಂದ ತಕ್ಷಣ ಪ್ರಕಾಶ್ ಓಡಾಡೋಕೆ ಶುರು ಮಾಡಿದ. ತಕಾನಿನಿಯಲ್ಲಿ ಹೊಸ ಮನೆ ಕಟ್ಟಿಸಿದಾನಲ್ಲ, ಅವನೇ, ದೀಪಾವಳಿಗೆ ಮೈಕ್ ಹಿಡಿದರೆ ಬಿಡಲ್ಲ ಅಂತ ನೀನು ಆಡಿಕೊಳ್ಳುತ್ತಿದ್ದೆ. ಹತ್ತು ಹನ್ನೆರಡು ಮಕ್ಕಳಿಗೋಸ್ಕರ ವರ್ಷಪೂರ್ತಿ ಹಾಲ್ ಬಾಡಿಗೆ ಕಟ್ಟೋದು ವೇಸ್ಟು, ಆ ದುಡ್ಡಿನಲ್ಲಿ ಬೆಂಗಳೂರಿಂದ ಆರ್ಕೆಸ್ಟ್ರಾ ಕರೆಸಬಹುದು ಅಂತ ಹೋದ ವರ್ಷದಿಂದಲೇ ಹೇಳಿಕೊಂಡು ಬಂದವನು. ಅವನು ಅಧ್ಯಕ್ಷ ಆದರೆ ಕ್ಲಾಸ್ ಉಳಿಯಲ್ಲ ಅಂತ ಮೊದಲ ದಿನದಿಂದ ನನಗೆ ಗೊತ್ತಿತ್ತು. ಅಧ್ಯಕ್ಷೆ ಆಗಬೇಕು ಅನ್ನೋ ಆಸೆ ನನಗೆ ಬಂದಿದ್ದು ಅದಕ್ಕೇ. ಆಸೆ ಅಂತ ಮೊದಲ ಸಲ ಬರೀತಿದ್ದೀನಿ, ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿಲ್ಲ.

ನಮ್ಮಲ್ಲಿ ವೋಟು ಗೀಟು ಅಂತ ಯಾವತ್ತೂ ಆಗಿದ್ದಿಲ್ಲ. ಹಿರಿಯರು ಯಾರ ಮನೆಯಲ್ಲಾದರೂ ಸೇರಿ, ಊಟ ಮಾಡಿ, ಒಂದು ಹೆಸರು ಒಪ್ಪಿಕೊಂಡು, ವಾರ್ಷಿಕ ಸಭೆಯಲ್ಲಿ ಆ ಒಂದೇ ಹೆಸರು ಓದಿ ಚಪ್ಪಾಳೆ ತಟ್ಟೋದು. ಈ ಸಲ ಟೀವಿ ಹಾಕಿದರೆ ಅಮೆರಿಕದ ಪ್ರೈಮರಿ, ಅದೇ ಪಕ್ಷದೊಳಗೆ ಅಭ್ಯರ್ಥಿ ಆರಿಸೋ ಚುನಾವಣೆ, ಬಸ್ಸಲ್ಲೂ ಅದೇ ಮಾತು. ನಮ್ಮ ಶ್ರೀವತ್ಸನಿಗೆ ಅದು ತಲೆಗೆ ಹತ್ತಿತು. ಅವನು ಸೆಕ್ರೆಟರಿ ಅಲ್ವಾ, ನಾವೂ ಪ್ರೈಮರಿ ಮಾಡೋಣ, ಮುಖ ನೋಡಿ ಬೇಡ, ಅರ್ಹತೆ ನೋಡಿ ಆರಿಸೋಣ ಅಂದ. ಕಮಿಟಿಯವರೆಲ್ಲ ಅವನ ಮನೆಯಲ್ಲಿ ಸೇರಿದ್ವಿ. ನಾನು ಪುಳಿಯೋಗರೆ ಮಾಡಿಕೊಂಡು ಹೋಗಿದ್ದೆ, ನಿಮ್ಮಪ್ಪನೂ ಬಂದಿದ್ದರು.

ಒಳ್ಳೇ ಹುಡುಗ ಅವನು, ತಪ್ಪು ತಿಳಿಯಬೇಡ. ಎಷ್ಟು ವರ್ಷದ ಅನುಭವ, ಸಿಟಿ ಕೌನ್ಸಿಲ್ ಜೊತೆ ವ್ಯವಹಾರ ಗೊತ್ತಾ, ಲೆಕ್ಕಪತ್ರದ ನಿಯಮ ಗೊತ್ತಾ, ನಾಲ್ಕು ಜನರನ್ನ ಜೊತೆಗೆ ಕರೆದುಕೊಂಡು ಹೋಗ್ತಾರಾ, ಹೀಗೆಲ್ಲ ಪ್ರಶ್ನೆ ಮಾಡಿ, ಎಲ್ಲರೂ ಚೀಟಿಯಲ್ಲಿ ಮಾರ್ಕ್ಸ್ ಹಾಕಿ ಅಂದ. ಕಮಿಟಿಯಲ್ಲಿ ಹಿರಿಯರಾದ ಭೀಮಸೇನ ಅಂಕಲ್ ಎದ್ದು ನನ್ನ ಹೆಸರು ಹೇಳಿದರು, ಪ್ರಕಾಶ್ ತನ್ನ ಹೆಸರು ತಾನೇ ಹೇಳಿಕೊಂಡ. ಚೀಟಿ ಕೂಡಿಸಿ ನೋಡಿದರೆ ನಾನೇ ಮುಂದೆ. ಸ್ವಲ್ಪ ಅಲ್ಲ, ತುಂಬಾ ಮುಂದೆ. ಶ್ರೀವತ್ಸ ನನ್ನ ಕಡೆ ತಿರುಗಿ, ಆಂಟಿ, ನಿಮಗೆ ಒಪ್ಪಿಗೆನಾ ಅಂದ. ನಾನು ಅಯ್ಯೋ, ನಂಗ್ಯಾಕಪ್ಪಾ ಅದೆಲ್ಲ, ಬೇಡ, ಬೇರೆ ಯಾರಾದ್ರೂ ಆಗಲಿ ಅಂದೆ.

ಇನ್ನೇನು ಅನ್ನಬೇಕಿತ್ತು ಹೇಳು? ಕೇಳಿದ ತಕ್ಷಣ ಹೂಂ ಅಂತ ಕೈ ಚಾಚೋದು ನಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ಲ. ಮದುವೆ ಮನೆಯಲ್ಲಿ ಇನ್ನೊಂದು ಹೋಳಿಗೆ ಅಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಕೈ ಸರಿಸಿ ಹಾಕಬೇಕು. ಮೈಸೂರಲ್ಲಿ ನಿಮ್ಮಪ್ಪನ ಕಡೆಯವರು ನನ್ನನ್ನ ನೋಡೋಕೆ ಬಂದಾಗ ಒಂದು ಹಾಡು ಹೇಳಮ್ಮ ಅಂದರು. ಬರಲ್ಲ ಅಂದೆ. ನಿಮ್ಮಜ್ಜಿ ಮತ್ತೆ ಕೇಳಿದರು, ಗಂಟಲು ಸರಿ ಇಲ್ಲ ಅಂದೆ. ಇನ್ನೊಂದು ಸಲ ಕೇಳಿ ಗಲ್ಲ ಮುಟ್ಟಿದ ಮೇಲೆ ಹಾಡಿದೆ. ಅದಕ್ಕೋಸ್ಕರ ತಿಂಗಳಿಂದ ಅಭ್ಯಾಸ ಮಾಡಿಕೊಂಡಿದ್ದೆ ಅಂತ ಅವರಿಗೂ ಗೊತ್ತಿತ್ತು. ಒಂದು ಸಲ ಕೇಳಿ ಬಿಟ್ಟಿದ್ದರೆ ಆ ಮದುವೆಯೇ ಆಗುತ್ತಿರಲಿಲ್ಲವೇನೋ.

ಈ ದೇಶಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆ ಮಾರ್ಗರೆಟ್ ಟೀ ಕುಡಿತೀಯಾ ಅಂದಳು, ನೋ ಥ್ಯಾಂಕ್ಸ್ ಅಂದೆ. ಅವಳು ಒಬ್ಬಳೇ ಮಾಡಿಕೊಂಡು ಕುಡಿದಳು, ನಾನು ಬಾಯಿ ಒಣಗಿಸಿಕೊಂಡು ನೋಡ್ತಾ ಕೂತಿದ್ದೆ. ಅವತ್ತೇ ಬುದ್ಧಿ ಕಲಿತೆ. ಇಲ್ಲಿಯವರ ಹತ್ತಿರ ಬೇಕು ಅಂದರೆ ಬೇಕು ಅನ್ನಬೇಕು ಅಂತ ಇಪ್ಪತ್ತು ವರ್ಷ ಆಫೀಸಲ್ಲೂ ಹಾಗೇ ನಡೆದುಕೊಂಡೆ. ಆದರೆ ಅವತ್ತು ಶ್ರೀವತ್ಸನ ಮನೆಯಲ್ಲಿ ಪುಳಿಯೋಗರೆ ವಾಸನೆ, ಸುತ್ತಲೂ ಕನ್ನಡ, ನಮ್ಮವರ ನಡುವೆ ಇದ್ದೀನಿ ಅಂದುಕೊಂಡುಬಿಟ್ಟೆ.

ಶ್ರೀವತ್ಸ, ನೋ ವರೀಸ್ ಆಂಟಿ, ನಿಮ್ಮ ನಿರ್ಧಾರಕ್ಕೆ ಗೌರವ ಕೊಡಬೇಕು ಅಂದ. ಹದಿನೆಂಟನೇ ವಯಸ್ಸಿಗೆ ಓದೋಕೆ ಬಂದು ಇಲ್ಲೇ ಬೆಳೆದ ಹುಡುಗ, ಹೆಂಗಸರು ಬೇಡ ಅಂದರೆ ಬಲವಂತ ಮಾಡಬಾರದು ಅಂತ ಕಲಿತಿದ್ದಾನೆ. ಅದನ್ನ ತಪ್ಪು ಅಂತ ಹೇಗೆ ಹೇಳಲಿ? ನನ್ನ ಮಗಳಿಗೆ ಅಂಥವನೇ ಸಿಗಲಿ ಅಂತಲೇ ಬಯಸ್ತೀನಿ. ಭೀಮಸೇನ ಅಂಕಲ್ ಏನೋ ಹೇಳೋಕೆ ಬಾಯಿ ತೆರೆದರು, ಅಷ್ಟರಲ್ಲಿ ಪ್ರಕಾಶ್ ಎದ್ದು ಎಲ್ಲರಿಗೂ ಥ್ಯಾಂಕ್ಸ್ ಹೇಳ್ತಿದ್ದ. ನಾನು ನಿಮ್ಮಪ್ಪನ ಮುಖ ನೋಡಿದೆ. ಅವರು ಚಪ್ಪಾಳೆ ತಟ್ಟುತ್ತಿದ್ದರು.

ಕಾರಿನಲ್ಲಿ ಬರುವಾಗ ತಡೆಯಲಾರದೆ ಅತ್ತೆ. ನಿಮ್ಮಪ್ಪ ಗಾಬರಿಯಾಗಿ ಕಾರು ಪಕ್ಕಕ್ಕೆ ಹಾಕಿ, ನೀನೇ ಬೇಡ ಅಂದ್ಯಲ್ಲೇ ಅಂದರು. ಮೂವತ್ತು ವರ್ಷ ಸಂಸಾರ ಮಾಡಿದವರು. ಹೋಳಿಗೆ ಬೇಡ ಅಂದಾಗ ಗೊತ್ತಾಗುತ್ತಲ್ಲ, ಇದು ಯಾಕೆ ಗೊತ್ತಾಗಲಿಲ್ಲ ಅಂದೆ. ಅವರು ಕಾರು ಮತ್ತೆ ರಸ್ತೆಗೆ ತಂದರು. ಮನೆಗೆ ಬಂದ ಮೇಲೆ, ಈಗಲೂ ಶ್ರೀವತ್ಸನಿಗೆ ಫೋನ್ ಮಾಡಿ ಹೇಳು, ಅವನು ಬದಲಾಯಿಸ್ತಾನೆ ಅಂದರು. ಫೋನ್ ಕೈಗೆ ತಗೊಂಡೆ, ಇಟ್ಟೆ. ಬೇಡ ಅಂದವಳು ಈಗ ಬೇಕು ಅಂದರೆ ಏನಂದುಕೊಳ್ಳುತ್ತಾರೆ ಅನ್ನೋ ನಾಚಿಕೆ. ಭೀಮಸೇನ ಅಂಕಲ್ಲಾದರೂ ಫೋನ್ ಮಾಡಬಹುದು ಅಂತ ಕಾದೆ. ಅವರೂ ಈಗ ಇಲ್ಲಿಯವರೇ ಆಗಿದ್ದಾರೆ, ಮಾಡಲಿಲ್ಲ. ಸಭೆಗೆ ನಾನೇ ಕೇಸರಿಬಾತ್ ಮಾಡಿಕೊಂಡು ಹೋದೆ. ಪ್ರಕಾಶನ ಹೆಸರು ಓದಿದರು, ನಾನೂ ಚಪ್ಪಾಳೆ ತಟ್ಟಿದೆ.

ಅವನು ತಡ ಮಾಡಲಿಲ್ಲ. ವಾರ ತುಂಬೋದರೊಳಗೆ ಫೋನ್ ಮಾಡಿ, ಆಂಟಿ, ಶನಿವಾರ ಹಾಲ್ ಬೇರೆಯದಕ್ಕೆ ಬೇಕು, ಮಕ್ಕಳಿಗೆ ಈಗ ಆ್ಯಪ್ ಇದೆಯಲ್ಲ, ಅದರಲ್ಲೇ ಕಲೀಬಹುದು ಅಂದ. ಜೂನ್ ಇಪ್ಪತ್ತೈದು ಕೊನೆ. ನೀನು, ಲಾಸ್ಯಾ, ಇನ್ನು ಮೂರು ಜನ ನಮ್ಮ ಗರಾಜಿನಲ್ಲಿ ಚಾಪೆ ಹಾಕಿಕೊಂಡು ಶುರು ಮಾಡಿದ ಕ್ಲಾಸು. ನೀನು ಅಜ್ಜಿಗೆ ಮೊದಲ ಕಾಗದ ಬರೆದಿದ್ದು ಅಲ್ಲಿ ಕಲಿತೇ. ಮತ್ತೆ ಗರಾಜಿನಲ್ಲೇ ಶುರು ಮಾಡು ಅಂತಾರೆ ನಿಮ್ಮಪ್ಪ. ಆಗಲ್ಲ ಕಣೇ. ಆಗ ನನಗೆ ಮೂವತ್ತೇಳು, ಮಕ್ಕಳ ಅಪ್ಪ ಅಮ್ಮಂದಿರೂ ತಾವಾಗಿಯೇ ಕರೆದುಕೊಂಡು ಬರುತ್ತಿದ್ದರು. ಈಗ ನಿಲ್ಲುತ್ತೆ ಅಂತ ಹೇಳಿದರೆ ಎಲ್ಲರೂ ಓ ಹೌದಾ, ಥ್ಯಾಂಕ್ಯೂ ಸೋ ಮಚ್ ಆಂಟಿ ಅಂತಾರೆ. ಒಬ್ಬರು, ಒಬ್ಬರೇ ಒಬ್ಬರು ನಿಲ್ಲಿಸಬೇಡಿ ಅನ್ನಲಿಲ್ಲ. ನಿನ್ನೆ ಮಾನ್ಯ ಅಂತ ಆರು ವರ್ಷದ ಪುಟ್ಟಿ, ನಾವು ಗಲಾಟೆ ಮಾಡಿದ್ದಕ್ಕಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲಮ್ಮಾ ಅಂದೆ.

ಬೆಳಗ್ಗೆ ಎದ್ದರೆ ಅದೇ ಯೋಚನೆ. ಕ್ಲಾಸ್ ಹೋಯ್ತು ಅನ್ನೋದು ಒಂದು ಕಡೆ. ಬೇಡ ಅಂದರೆ ಇನ್ನೊಂದು ಸಲ ಕೇಳೋರು ನನಗೆ ಈ ಊರಲ್ಲಿ ಒಬ್ಬರೂ ಉಳಿದಿಲ್ಲವಲ್ಲ ಅನ್ನೋದು ಇನ್ನೊಂದು ಕಡೆ. ಇಷ್ಟು ವರ್ಷ ಯಾರ ಜೊತೆ ಇದ್ದೆ ಅಂತಲೇ ತಿಳಿಯುತ್ತಿಲ್ಲ. ನಿನ್ನ ಪರೀಕ್ಷೆ ಹೊತ್ತಿನಲ್ಲಿ ಇದನ್ನೆಲ್ಲ ಬರೆದು ತಲೆ ಕೆಡಿಸಿದೆ, ಬೈದುಕೋ.

ಕಾಲಿಗೆ ಸಾಕ್ಸ್ ಹಾಕಿಕೊಂಡು ಮಲಗು. ಹೊಟ್ಟೆ ತುಂಬಾ ತಿನ್ನು. ದೇವರು ನಿನ್ನನ್ನ ಬೆಚ್ಚಗೆ ಇಟ್ಟಿರಲಿ. ಅಪ್ಪ ಎದ್ದರೆ ಅವರೂ ಆಶೀರ್ವಾದ ಹೇಳು ಅಂತಾರೆ, ಅದನ್ನೂ ಸೇರಿಸಿಕೋ.

ನಿನ್ನ ಅಮ್ಮ,
ವಸುಂಧರಾ

ತಾ.ಕ.: ಕವರಿಗೆ ಹಾಕಿ ಅಂಟಿಸೋಕೆ ಹೋಗಿ ಮತ್ತೆ ತೆಗೆದೆ. ನಿನ್ನ ಪರೀಕ್ಷೆ ಇಪ್ಪತ್ತೆರಡಕ್ಕೇ ಮುಗಿಯುತ್ತೆ ಅಂತ ನನಗೆ ಗುರುವಾರವೇ ಗೊತ್ತಿತ್ತು. ಬರಲಾ ಅಂತ ಇನ್ನೊಂದು ಸಲ ಕೇಳ್ತೀಯೇನೋ ಅಂತ, ನೀನು ಇಟ್ಟ ಮೇಲೂ ಫೋನ್ ಹಿಡಿದುಕೊಂಡೇ ಕೂತಿದ್ದೆ. ಮತ್ತೆ ಕೇಳೋದು ನಿನಗೆ ನಾನು ಕಲಿಸಲಿಲ್ಲ, ತಪ್ಪು ನಿನ್ನದಲ್ಲ. ಬಾ, ಪೂರ್ವಿ. ನನಗೆ ನೀನು ಬೇಕು.